ಸಂಡೂರಿನ ಅದಿರು ಬಿಟ್ಟು ಮಂಗಂಪೇಟೆಯ ಕಲ್ಲೇಕೆ?

ಪ್ರಶ್ನೆ: ನಮ್ಮಣ್ಣ ಲಾರಿ ಓಡಿಸುತ್ತಾನೆ. ಈಗ ಕಡಪ ಸೀಮೆಯ ಮಂಗಂಪೇಟೆಯಿಂದ ಬೆರೈಟ್ ಎಂಬ ಭಾರದ ಕಲ್ಲಿನ ಪುಡಿಯ ಚೀಲ ತುಂಬಿಕೊಂಡು ರಾಜಮಂಡ್ರಿ ಕಡೆ ಹೋಗುತ್ತಿದ್ದಾನೆ. ಗ್ಯಾಸಿನ ಬಾವಿ ಕೊರೆಯುವಾಗ ಭಾರಕ್ಕೆಂದು ಹಾಕುತ್ತಾರಂತೆ. ಬಾವಿಗೆ ಭಾರ ಯಾಕೆ? ಭಾರವೇ ಬೇಕಿದ್ದರೆ ನಮ್ಮ ಕಬ್ಬಿಣದ ಅದಿರಿನ ಪುಡಿ ಆಗದೇ? ಬೆರೈಟಿನಲ್ಲಿರುವ ಬೇರಿಯಂ ವಿಷ ಅಂತಾರೆ, ಹೌದೇ?
– ಓದುಗರು, ಸಂಡೂರು

ಉತ್ತರ: ನಮ್ಮ ಕಡೆ ಬೋರ್ ಹಾಕುವುದನ್ನು ನೋಡಿ ಬೆಳೆದವರಿಗೆ ಈ ಅನುಮಾನ ಬರಲೇಬೇಕು. ಇಲ್ಲಿ ಗಟ್ಟಿ ಬಂಡೆ. ಕಂಪ್ರೆಸರ್ ಗಾಳಿಗೆ ಪುಡಿ ಮೇಲೆ ಹಾರಿ ಬರುತ್ತದೆ, ನೀರು ಉಕ್ಕಿದರೆ ಓಣಿಗೆಲ್ಲ ಸಿಹಿ ಹಂಚುತ್ತೇವೆ. ಗೋದಾವರಿ ಸೀಮೆಯಲ್ಲಿ ಕೆಳಗಿನಿಂದ ಉಕ್ಕಿದ್ದಕ್ಕೆ ಜನ ಊರು ಬಿಟ್ಟಿದ್ದಾರೆ. 1995ರ ಜನವರಿಯಲ್ಲಿ ಹೊತ್ತಿಕೊಂಡ ಪಾಸರ್ಲಪೂಡಿಯ ಗ್ಯಾಸಿನ ಬಾವಿ ಎರಡು ತಿಂಗಳು ದಾಟಿದರೂ ಆರಿರಲಿಲ್ಲ.

ಗ್ಯಾಸನ್ನು ಕೆಳಗೇ ಅದುಮಿಡುವುದು ಬಾವಿಯಲ್ಲಿ ತುಂಬಿದ ಕೆಸರಿನ ಭಾರ. ರಿಗ್ಗಿನಲ್ಲಿ ಅದಕ್ಕೆ ಮಡ್ ಅಂತಾರೆ. ಅದರ ಹದ ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಲೆಕ್ಕ ಸಲೀಸು. 10 ಮೀಟರ್ ನೀರು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತುತ್ತದೆ. 3000 ಮೀಟರ್ ಬಾವಿಯಲ್ಲಿ ಬರೀ ನೀರಿದ್ದರೆ ತಳದಲ್ಲಿ 300 ಕಿಲೋ. ಅಲ್ಲಿನ ಗ್ಯಾಸು 430 ಕಿಲೋ ಒತ್ತಡದಲ್ಲಿದ್ದರೆ ನೀರನ್ನು ಒದ್ದುಕೊಂಡೇ ಹೊರಬರುತ್ತದೆ. ಹಾಗಾಗಿ ಕೆಸರು ನೀರಿನ ಒಂದೂವರೆ ಪಟ್ಟು ತೂಗಬೇಕು. 1000 ಲೀಟರ್ ಕೆಸರಿನಲ್ಲಿ ಹೆಚ್ಚುಕಡಿಮೆ 650 ಕಿಲೋ ಬೆರೈಟ್ ಇರಬೇಕು. ಸುಣ್ಣಕಲ್ಲಿನ ಪುಡಿಯಾದರೆ 800 ಕಿಲೋ ಹತ್ತಿರ ಸುರಿಯಬೇಕು, ಕೆಸರು ಗಟ್ಟಿಯಾಗಿ ಪಂಪು ಏದುಸಿರು ಬಿಡುತ್ತದೆ. ಭಾರ ಮಿತಿಮೀರಿದರೂ ಆಪತ್ತೇ: ಕೆಳಗಿನ ಕಲ್ಲು ಬಿರಿದು ಕೆಸರು ಅದರೊಳಗೆ ಇಳಿದುಹೋಗುತ್ತದೆ, ಬಾವಿಯಲ್ಲಿ ಮಟ್ಟ ಕುಸಿಯುತ್ತದೆ, ಯಾವುದನ್ನು ತಡೆಯಲು ಹೊರಟಿದ್ದೆವೋ ಆ ಗ್ಯಾಸೇ ಒಳನುಗ್ಗುತ್ತದೆ. ‘ಇರಲಿ, ಇನ್ನೆರಡು ಚೀಲ ಹಾಕಿ’ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಇನ್ನು ಅದಿರಿನ ಮಾತು. 1920ರ ದಶಕದಲ್ಲೇ ಅಮೆರಿಕದ ಲೂಸಿಯಾನದಲ್ಲಿ ಸ್ಟ್ರೌಡ್ ಎಂಬವರು ಕೆಸರಿಗೆ ಕಬ್ಬಿಣದ ಆಕ್ಸೈಡ್ ಹಾಕಿ ನೋಡಿದ್ದರು. ಕೊನೆಗೆ ನೆಲೆನಿಂತದ್ದು ಬೆರೈಟ್. ಭಾರದಲ್ಲಿ ಅದಿರಿನದೇ ಮೇಲುಗೈ: ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಮಾನದಂಡದಂತೆ ಬೆರೈಟ್ ನೀರಿನ 4.2 ಪಟ್ಟು ತೂಗಿದರೆ ಸಾಕು (4.1ರ ದರ್ಜೆಯೂ ಉಂಟು), ಹೆಮಟೈಟ್, ಅಂದರೆ ನಿಮ್ಮ ಕಡೆಯ ಕಬ್ಬಿಣದ ಅದಿರು, 5.05 ಪಟ್ಟು ತೂಗಬೇಕು. ಆದರೆ ಹೆಮಟೈಟ್ ಗಡಸು. ಒಂದೇ ಕೆಸರು ಹಗಲೂ ರಾತ್ರಿ ಪಂಪಿನಿಂದ ಬಿಟ್ಟಿಗೆ (ತಳದಲ್ಲಿ ಕಲ್ಲು ಕೊರೆಯುವ ಮೊನೆಗೆ), ಬಿಟ್ಟಿನಿಂದ ಮೇಲಕ್ಕೆ ಸುತ್ತುತ್ತಲೇ ಇರುತ್ತದೆ. ಗಡಸು ಪುಡಿ ಪಂಪಿನ ಒಳಗವಚವಾದ ಲೈನರನ್ನೂ ಬಿಟ್ಟಿನಲ್ಲಿ ಕೆಸರು ಚಿಮ್ಮುವ ನಾಝಲನ್ನೂ ಸವೆಸುತ್ತದೆ. ಬೆರೈಟ್ ಮೆತ್ತಗಿನ ಕಲ್ಲು, ಅಷ್ಟು ಕಾಟ ಕೊಡದು. ಬಟ್ಟೆಬರೆ ಕೆಂಪಾಗುವ ಸಂಗತಿ ಸಂಡೂರಿನವರಿಗೆ ನಾನೇನು ಹೇಳಲಿ! ಹಾಗಂತ ಹೆಮಟೈಟನ್ನು ಕೈಬಿಟ್ಟಿಲ್ಲ, ತೀರಾ ಭಾರದ ಕೆಸರು ಬೇಕಾದಾಗ ಬಳಸುವವರಿದ್ದಾರೆ. ಆದರೆ ಮಣ್ಣು, ಸಿಲಿಕಾ ಬೆರೆತ ನಿಮ್ಮೂರ ಪುಡಿಯನ್ನು ನೇರವಾಗಿ ಸುರಿಯಲಾಗದು. ತೊಳೆದು, ಬೇರ್ಪಡಿಸಿ, ಹಿಟ್ಟಿನ ಹಾಗೆ ಅರೆಯಬೇಕು. ಅಷ್ಟು ಚೊಕ್ಕ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆಗೆ ಹೋಗುವುದೇ ಲೇಸು. ಮೇಲಾಗಿ ಮಂಗಂಪೇಟೆಯದು ಜಗತ್ತಿನ ಅತಿ ದೊಡ್ಡ ಬೆರೈಟ್ ನಿಕ್ಷೇಪಗಳಲ್ಲಿ ಒಂದು. ಅದನ್ನು ಬಗಲಲ್ಲೇ ಇಟ್ಟುಕೊಂಡು ಗೋದಾವರಿಯವರು ಇಲ್ಲಿಗೇಕೆ ಬಂದಾರು?

ವಿಷದ ಬಗ್ಗೆ: ನೀರಿನಲ್ಲಿ ಇಲ್ಲವೇ ಹೊಟ್ಟೆಯ ಆಮ್ಲದಲ್ಲಿ ಕರಗುವ ಬೇರಿಯಂ ಲವಣಗಳು ವಿಷ, ಬೇರಿಯಂ ಕಾರ್ಬೊನೇಟ್ ಇಲಿ ಪಾಷಾಣವಾಗಿ ಬಳಕೆಯಾದದ್ದು. ಬೆರೈಟ್ ಎಂದರೆ ಬೇರಿಯಂ ಸಲ್ಫೇಟ್, ಅದು ಕರಗುವುದಿಲ್ಲ. ಹೊಟ್ಟೆಯ ಎಕ್ಸ್‌-ರೇಗೆ ಮುನ್ನ ಆಸ್ಪತ್ರೆಯಲ್ಲಿ ಕುಡಿಸುವ ಬಿಳಿ ದ್ರವ, ಬೇರಿಯಂ ಮೀಲ್, ಇದೇ ಸಲ್ಫೇಟನ್ನು ಶುದ್ಧಮಾಡಿದ್ದು. ಧೂಳಿನ ಮಾತು ಬೇರೆ. ಗಣಿಯ ಕಲ್ಲಿನಲ್ಲಿ ಸಿಲಿಕಾ ಬೆರೆತಿರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಚೀಲ ಇಳಿಸುವಾಗ ನಿಮ್ಮಣ್ಣ ಟವೆಲ್ ಸುತ್ತಿಕೊಂಡರೆ ಸಾಲದು, ಧೂಳು ತಡೆಯುವ ಮಾಸ್ಕನ್ನೇ ಹಾಕಿಕೊಳ್ಳಲಿ. ಚೀಲ ಹೊರುವ ಹಮಾಲರಿಗೂ ಕೊಡಿಸಿ ಅಂತ ಲಾರಿ ಮಾಲೀಕರ ಹತ್ತಿರ ಪಟ್ಟು ಹಿಡಿಯಲಿ.