ಐಸಿಯು ರೋಗಿಗಳ ರಕ್ತದಲ್ಲಿ ಟಿ ಕೋಶದ ಜೀನ್‌ಗಳು ಇಳಿದಿವೆ ಎಂದರೆ ಏನರ್ಥ?

ನೀವು ಕೇಳಿರುವುದು ಇಷ್ಟು: ತೀವ್ರ ಕೋವಿಡ್‌ನಿಂದ ಐಸಿಯು ಸೇರಿದವರ ಇಡೀ ರಕ್ತದ ಆರ್‌ಎನ್‌ಎಯನ್ನು ಆರೋಗ್ಯವಂತರದ್ದರ ಜೊತೆ ಹೋಲಿಸಿದರೆ ಟಿ ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಸಿಡಿ3ಇ, ಐಎಲ್7ಆರ್ ಜೀನ್‌ಗಳ ಆರ್‌ಎನ್‌ಎ ಬಹಳ ಇಳಿದಿದೆ, ನ್ಯೂಟ್ರೋಫಿಲ್, ಮೊನೋಸೈಟ್ ಎಂಬ ಬೇರೆ ಬಿಳಿ ಕಣಗಳ ಎಸ್100ಎ8, ಎಸ್100ಎ9 ಏರಿವೆ. ವೈರಸ್ಸು ಟಿ ಕೋಶಗಳ ಜೀನ್‌ಗಳನ್ನು ಅಡಗಿಸುತ್ತಿದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. ನಿಮ್ಮ ಹತ್ತಿರ ಇರುವ ದತ್ತಾಂಶ ಆ ಮಾತಿಗೆ ಆಧಾರವಾಗುವುದಿಲ್ಲ.

ಮೊದಲು ರೋಗಿಗಳ ಡಿಫರೆನ್ಷಿಯಲ್ ಕೌಂಟ್ (ಬಿಳಿ ರಕ್ತಕಣಗಳ ಬಗೆವಾರು ಎಣಿಕೆ) ತೆಗೆದು ನೋಡಿ. ಆರೋಗ್ಯವಂತ ವಯಸ್ಕರ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು (ಟಿ ಕೋಶಗಳು ಇವುಗಳಲ್ಲೇ ಸೇರಿವೆ) ಶೇ. 20ರಿಂದ 40ರಷ್ಟಿರುತ್ತವೆ, ತೀವ್ರ ಕೋವಿಡ್‌ನಲ್ಲಿ ಅದು ಶೇ. 10ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. 30 ಇದ್ದದ್ದು 6ಕ್ಕೆ ಬಂದಿದೆ ಎಂದುಕೊಳ್ಳಿ. ಪ್ರತಿ ಟಿ ಕೋಶದಲ್ಲೂ ಸಿಡಿ3ಇ ಮೊದಲಿನಷ್ಟೇ ಇದ್ದರೂ ಇಡೀ ರಕ್ತದಲ್ಲಿ ಅದು ಸುಮಾರು ಐದು ಪಟ್ಟು ಕಡಿಮೆ ಕಾಣುತ್ತದೆ, ಅಂದರೆ ಲಾಗ್2 ಲೆಕ್ಕದಲ್ಲಿ −2.3. ಇದು ಸ್ಥೂಲ ಲೆಕ್ಕ. ನ್ಯೂಟ್ರೋಫಿಲ್‌ನಲ್ಲಿ ಆರ್‌ಎನ್‌ಎ ಕಡಿಮೆ ಇರುವುದರಿಂದ ಅನುಪಾತ ನೇರವಾಗಿ ಹೊಂದುವುದಿಲ್ಲ. ಆದರೂ ನೀವು ಕಂಡ ಇಳಿಕೆಯ ಬಹುಪಾಲು ಇಲ್ಲೇ ಮುಗಿದುಹೋಗಬಹುದು. ಸಿಡಿ3ಡಿ, ಸಿಡಿ3ಇ, ಐಎಲ್7ಆರ್, ಎಲ್‌ಟಿಬಿ ಎಲ್ಲವೂ ಒಟ್ಟಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೋಶಗಳ ಸಂಖ್ಯೆಯನ್ನೇ. ಎಲೇನ್, ಎಂಪಿಒ, ಡಿಇಎಫ್‌ಎ4 ಜೀನ್‌ಗಳು ಏರಿದ್ದರೆ ಮೂಳೆಮಜ್ಜೆಯಿಂದ ಅಪಕ್ವ ನ್ಯೂಟ್ರೋಫಿಲ್‌ಗಳು ರಕ್ತಕ್ಕೆ ಬಂದಿವೆ ಎಂದೇ ಓದಿಕೊಳ್ಳಬೇಕು.

ಎರಡನೆಯದು ಔಷಧ. ರಿಕವರಿ ಟ್ರಯಲ್‌ನ (ಕೋವಿಡ್ ಔಷಧಗಳ ದೊಡ್ಡ ಪ್ರಯೋಗ) ಫಲಿತಾಂಶ ಬಂದ 2020ರ ಜೂನ್‌ನಿಂದ ಆಮ್ಲಜನಕ ಬೇಕಾದ ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಸೋನ್, ಗರಿಷ್ಠ 10 ದಿನ, ಕೊಡುವುದು ರೂಢಿಯಾಯಿತು. ಈ ಸ್ಟೀರಾಯ್ಡ್ ಕೆಲವೇ ಗಂಟೆಗಳಲ್ಲಿ ಎಫ್‌ಕೆಬಿಪಿ5, ಟಿಎಸ್‌ಸಿ22ಡಿ3 ಜೀನ್‌ಗಳನ್ನೂ ಮೊನೋಸೈಟ್‌ಗಳಲ್ಲಿ ಸಿಡಿ163 ಜೀನನ್ನೂ ಏರಿಸುತ್ತದೆ, ರೋಗಾಣುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವ ಎಚ್‌ಎಲ್‌ಎ-ಡಿಆರ್ ಪ್ರೋಟೀನನ್ನು ಇಳಿಸುತ್ತದೆ, ಲಿಂಫೋಸೈಟ್‌ಗಳನ್ನೂ ಕಡಿಮೆ ಮಾಡುತ್ತದೆ. ತೀವ್ರ ಕಾಯಿಲೆಯೂ ಎಚ್‌ಎಲ್‌ಎ-ಡಿಆರ್ ಇಳಿಸುವುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ನಿಮ್ಮ ಪಟ್ಟಿಯಲ್ಲಿ ಎಫ್‌ಕೆಬಿಪಿ5 ಮೇಲೆಯೇ ಇದ್ದರೆ ಕೇಸ್ ಶೀಟ್‌ನಿಂದ ಮೊದಲ ಡೋಸ್‌ನ ದಿನಾಂಕ, ಗಂಟೆ ತೆಗೆಸಿ. ಆರೋಗ್ಯವಂತರು ಮಾತ್ರ ಕಂಟ್ರೋಲ್ (ಹೋಲಿಕೆಯ ಗುಂಪು) ಆಗಿದ್ದರೆ ಸಾಲದು. ವೆಂಟಿಲೇಟರ್ ಮೇಲಿರುವ, ಬೇರೆ ಕಾರಣದ ಸೆಪ್ಸಿಸ್ ಅಥವಾ ಇನ್‌ಫ್ಲುಯೆಂಜಾ ರೋಗಿಗಳ ಗುಂಪೂ ಬೇಕು.

ಕಾಯಿಲೆಯ ಎಷ್ಟನೇ ದಿನ ಎಂಬುದನ್ನೂ ಬರೆದಿಡಿ. ಐಎಸ್‌ಜಿ15, ಎಂಎಕ್ಸ್1, ಐಎಫ್‌ಐ44ಎಲ್‌ನಂಥ ಇಂಟರ್‌ಫೆರಾನ್ (ವೈರಸ್ ವಿರುದ್ಧದ ಸಂಕೇತ ಪ್ರೋಟೀನ್) ಪ್ರಚೋದಿಸುವ ಜೀನ್‌ಗಳು ಮೊದಲ ದಿನಗಳಲ್ಲಿ ಜೋರಾಗಿದ್ದು ಆಮೇಲೆ ಇಳಿಯುತ್ತವೆ. 4ನೇ ದಿನದ ಸೌಮ್ಯ ರೋಗಿಯನ್ನು 12ನೇ ದಿನದ ಐಸಿಯು ರೋಗಿಯ ಜೊತೆ ಹೋಲಿಸಿದರೆ ತೀವ್ರತೆಯ ವ್ಯತ್ಯಾಸ ಎಷ್ಟು, ದಿನದ ವ್ಯತ್ಯಾಸ ಎಷ್ಟು ಎಂದು ಹೇಳಲಾಗದು.

ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ (ಒಂದೊಂದು ಕೋಶದ ಆರ್‌ಎನ್‌ಎಯನ್ನು ಬೇರೆಬೇರೆಯಾಗಿ ಓದುವುದು) ಮಾಡಿಸುವ ಯೋಚನೆ ಇದ್ದರೆ ಒಳ್ಳೆಯದೇ, ಆದರೆ ಅಲ್ಲೂ ಎಡವುವ ಜಾಗಗಳಿವೆ. ಫೈಕಾಲ್ (ಸಾಂದ್ರತೆಯ ಆಧಾರದ ಮೇಲೆ ಕೋಶ ಬೇರ್ಪಡಿಸುವ ದ್ರವ) ಮೇಲೆ ರಕ್ತ ತಿರುಗಿಸಿದಾಗ ಆರೋಗ್ಯವಂತರ ನ್ಯೂಟ್ರೋಫಿಲ್‌ಗಳು ತಳಕ್ಕಿಳಿಯುತ್ತವೆ. ತೀವ್ರ ರೋಗಿಗಳಲ್ಲಿ ಕಡಿಮೆ ಸಾಂದ್ರತೆಯವು ಲಿಂಫೋಸೈಟ್, ಮೊನೋಸೈಟ್‌ಗಳಿರುವ ಬಿಳಿ ಪದರದಲ್ಲೇ ಉಳಿಯುತ್ತವೆ. ಅವನ್ನು ಫ್ರೀಜ್ ಮಾಡಿದರೆ ಬಹುಪಾಲು ಸಾಯುತ್ತವೆ. ತಾಜಾ ಇದ್ದರೂ, ಪ್ರತಿ ಕೋಶಕ್ಕೆ ಕನಿಷ್ಠ 500 ಜೀನ್ ಎಂಬ ಮಾಮೂಲಿ ಫಿಲ್ಟರ್ ಹಾಕಿದರೆ ಆರ್‌ಎನ್‌ಎ ಕಡಿಮೆಯಿರುವ ಈ ಕೋಶಗಳೇ ಮೊದಲು ಹೋಗುತ್ತವೆ. ಒಡೆದ ಕೋಶಗಳಿಂದ ಸೋರಿದ ಎಸ್100ಎ8 ಟಿ ಕೋಶದಲ್ಲೂ ಇದೆಯೆಂಬಂತೆ ಕಾಣುತ್ತದೆ. ಸೂಪ್‌ಎಕ್ಸ್‌ನಂಥ ಸಾಫ್ಟ್‌ವೇರ್ ಸಾಧನದಿಂದ ಅದನ್ನು ಕಳೆಯದೆ ಮುಂದೆ ಹೋಗಬೇಡಿ.

ಅತಿ ಹೆಚ್ಚು ಕಾಣುವ ತಪ್ಪು ಅಂಕಿಅಂಶದ್ದು. 6 ರೋಗಿಗಳಿಂದ ತಲಾ 2,000 ಮೊನೋಸೈಟ್ ಸಿಕ್ಕರೆ ನಿಮ್ಮ ಸ್ಯಾಂಪಲ್ ಗಾತ್ರ 12,000 ಅಲ್ಲ, 6. ಒಬ್ಬ ರೋಗಿಯ ಒಂದು ಬಗೆಯ ಕೋಶಗಳ ಎಣಿಕೆಯನ್ನೆಲ್ಲ ಕೂಡಿಸಿ ಒಂದೇ ಕಾಲಮ್ ಮಾಡಿ, ಆಮೇಲೆ ಡಿಇಸೀಕ್2 ಅಥವಾ ಎಡ್ಜ್‌ಆರ್ ಎಂಬ ವಿಶ್ಲೇಷಣಾ ಸಾಫ್ಟ್‌ವೇರ್‌ಗೆ ಕೊಡಿ. ಸಾವಿರಾರು ಜೀನ್‌ಗಳ ಪಟ್ಟಿ ಚಿಕ್ಕದಾಗುತ್ತದೆ, ಉಳಿದದ್ದನ್ನು ನಂಬಬಹುದು.

ಹೊಸ ಸೀಕ್ವೆನ್ಸಿಂಗ್‌ಗೆ ದುಡ್ಡಿಲ್ಲದಿದ್ದರೆ, ಈಗಿರುವ ದತ್ತಾಂಶದಲ್ಲೇ ಲಿಂಫೋಸೈಟ್ ಮತ್ತು ನ್ಯೂಟ್ರೋಫಿಲ್ ಪ್ರಮಾಣ, ಸ್ಟೀರಾಯ್ಡ್, ಕಾಯಿಲೆಯ ದಿನ ಇವನ್ನು ಮಾಡೆಲ್‌ಗೆ ಸೇರಿಸಿ ಮತ್ತೆ ನಡೆಸಿ. ಆರೋಗ್ಯವಂತರಿಗೆ ಸ್ಟೀರಾಯ್ಡೂ ಇಲ್ಲ, ಕಾಯಿಲೆಯ ದಿನವೂ ಇಲ್ಲ. ಹಾಗಾಗಿ ಈ ಎರಡನ್ನು ರೋಗಿಗಳ ನಡುವಿನ ಹೋಲಿಕೆಯಲ್ಲಿ ಮಾತ್ರ ಹಾಕಲು ಬರುತ್ತದೆ. ಎಚ್‌ಎಲ್‌ಎ-ಡಿಆರ್ ಇಳಿಕೆಯನ್ನು ಫ್ಲೋ ಸೈಟೋಮೆಟ್ರಿಯಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಲೇಸರ್‌ನಿಂದ ಅಳೆಯುವ ವಿಧಾನ) ಸಿಡಿ14 ಗುರುತಿರುವ ಮೊನೋಸೈಟ್‌ಗಳ ಮೇಲೆ ಪರೀಕ್ಷಿಸಿ. ಅದಕ್ಕೆ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನ ರಕ್ತವನ್ನು 4 ಡಿಗ್ರಿಯಲ್ಲಿಟ್ಟು 4 ಗಂಟೆಯೊಳಗೆ ಸ್ಟೇನ್ ಮಾಡಿ. ಹೊರಗಿಟ್ಟ ಟ್ಯೂಬ್‌ನಲ್ಲಿ ಎಚ್‌ಎಲ್‌ಎ-ಡಿಆರ್ ತಾನಾಗಿಯೇ ಏರುತ್ತದೆ, ರೋಗಿಯಲ್ಲಿ ಇಳಿದಿದ್ದರೂ ನಿಮಗೆ ಕಾಣುವುದಿಲ್ಲ.