ಸಂಪಾದಕರ ಉತ್ತರ: 28 ಸೋಲು, ಒಂದು ಅಂಗಿ

ಹಾಸನದಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಬರೆದಿದ್ದಾರೆ. ಎರಡೂವರೆ ಪುಟ, ನೀಲಿ ಇಂಕು. ಸಿಟ್ಟು ಬಂದ ಕಡೆಯೆಲ್ಲ ಕೆಂಪು ಇಂಕಿನ ಅಡಿಗೆರೆ. ಪತ್ರದ ಮುಖ್ಯ ಭಾಗ ಇದು:

"ಕಳೆದ ಸಂಚಿಕೆಯ ಆಟದ ಪುಟದಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ಎಂಬ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಬರೆದಿದ್ದೀರಿ. ಒಂದೇ ಸಮನೆ 28 ಪಂದ್ಯ ಸೋತವರ ಮೇಲೆ ಅಷ್ಟು ಅಕ್ಕರೆ ಯಾಕೆ? ನನ್ನ ಮಗ ಅದೇ ಊರಿನ ಹತ್ತಿರ ಕಾರು ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ತಂಡಗಳು ಬೇಕಂತಲೇ ಸೋಲುತ್ತವೆ, ಸೋತಷ್ಟೂ ಮುಂದಿನ ವರ್ಷ ಒಳ್ಳೆ ಹುಡುಗರು ಸಿಗುತ್ತಾರೆ ಅಂತ ಅವನೇ ಹೇಳಿದ. ನಾನು 31 ವರ್ಷ ಮಕ್ಕಳಿಗೆ ಆಟ ಹೇಳಿಕೊಟ್ಟವನು. ಬೇಕಂತ ಸೋಲುವವರನ್ನು ಗ್ರೌಂಡಿನಿಂದ ಆಚೆ ಕಳಿಸುತ್ತಿದ್ದೆ. ನನ್ನ ಮೊಮ್ಮಗ ಮಾತ್ರ ಆ ತಂಡದ ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲ. ಅವನಿಗೆ ಏನು ಹೇಳಲಿ?"

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀವು ಅದನ್ನು ಹಿಡಿದಿಲ್ಲ, ಆದರೂ ಹೇಳಬೇಕು. ಎನ್‌ಬಿಎಯಲ್ಲಿ, ಅಂದರೆ ಈ ತಂಡ ಆಡುವ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಇಷ್ಟು ಪಂದ್ಯ ಸತತವಾಗಿ ಸೋತವರು ಬೇರೆ ಯಾರೂ ಇಲ್ಲ ಅಂತ ನಮ್ಮ ಪುಟದಲ್ಲಿ ಅಚ್ಚಾಗಿದೆ. ಒಂದೇ ಸೀಸನ್‌ನ ಲೆಕ್ಕ ಹಿಡಿದರೆ ಅದು ಸರಿ. ಮೊದಲಿನ ದಾಖಲೆ 26 ಇತ್ತು. 2010-11ರಲ್ಲಿ ಕ್ಲೀವ್‌ಲ್ಯಾಂಡ್, 2013-14ರಲ್ಲಿ ಫಿಲಡೆಲ್ಫಿಯಾ. ಆದರೆ ಇದೇ ಫಿಲಡೆಲ್ಫಿಯಾ 2014-15ರ ಕೊನೆಯ 10 ಪಂದ್ಯ, ಮುಂದಿನ ಸೀಸನ್‌ನ ಮೊದಲ 18 ಪಂದ್ಯ ಸೋತಿತ್ತು. ಕೂಡಿಸಿದರೆ ಅದೂ 28. ಅಂದರೆ ಡೆಟ್ರಾಯ್ಟ್ ಆ ಸಾಲಿನಲ್ಲಿ ಒಬ್ಬಂಟಿ ಅಲ್ಲ. ಈ ಫಿಲಡೆಲ್ಫಿಯಾ ಹೆಸರು ನೆನಪಿಟ್ಟುಕೊಳ್ಳಿ, ನಿಮ್ಮ ಮಗ ಹೇಳಿದ ಮಾತಿಗೂ ಅದಕ್ಕೂ ಸಂಬಂಧ ಇದೆ.

ಈಗ 2023-24ರ ಸೀಸನ್‌ಗೆ ಬರೋಣ. ಶುರು ಕೆಟ್ಟದಾಗೇನೂ ಇರಲಿಲ್ಲ. ಮಯಾಮಿಯಲ್ಲಿ ಒಂದೇ ಒಂದು ಪಾಯಿಂಟ್‌ನಲ್ಲಿ ಸೋತರು. ಆಮೇಲೆ ಷಾರ್ಲೆಟ್ ಮೇಲೆ ಗೆದ್ದರು, ಷಿಕಾಗೋ ಮೇಲೆ ಗೆದ್ದರು. ಮೂರರಲ್ಲಿ ಎರಡು. ಅಷ್ಟೇ, ಅಲ್ಲಿಗೆ ನಿಂತುಹೋಯಿತು. ನಮ್ಮಲ್ಲಿ ದಸರಾ ಮುಗಿದ ವಾರ ಗೆದ್ದವರು ದೀಪಾವಳಿ ದಾಟಿದರು, ಕ್ರಿಸ್‌ಮಸ್ ದಾಟಿದರು. ಮತ್ತೆ ಗೆದ್ದದ್ದು ವರ್ಷ ಮುಗಿಯುವುದಕ್ಕೆ ಒಂದು ದಿನ ಮುಂಚೆ, ಡಿಸೆಂಬರ್ 30ಕ್ಕೆ.

ಬಡಪಾಯಿ ತಂಡ ಅಂದುಕೊಳ್ಳಬೇಡಿ. ಕೋಚ್ ಮಾಂಟಿ ವಿಲಿಯಮ್ಸ್. 2021ರಲ್ಲಿ ಫೀನಿಕ್ಸ್ ತಂಡವನ್ನು ಫೈನಲ್‌ವರೆಗೆ ಕರೆದುಕೊಂಡು ಹೋದವರು, ಮರುವರ್ಷ ಅತ್ಯುತ್ತಮ ಕೋಚ್ ಅನ್ನಿಸಿಕೊಂಡವರು. ಆರು ವರ್ಷಕ್ಕೆ 78.5 ಮಿಲಿಯನ್ ಡಾಲರ್ ಕೊಟ್ಟು ಕರೆತಂದರು. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಯಾವ ಕೋಚ್‌ಗೂ ಅಷ್ಟು ದೊಡ್ಡ ಕರಾರು ಆಗಿರಲಿಲ್ಲ. ಒಂದೇ ಸೀಸನ್ ಆದಮೇಲೆ ತೆಗೆದರು. ಬಾಕಿ ದುಡ್ಡಂತೂ ಕೊಡಲೇಬೇಕಿತ್ತು. ಬೇಕಂತ ಸೋಲಬೇಕು ಅಂತಿದ್ದವರು ಇಷ್ಟು ದುಬಾರಿ ಕೋಚ್‌ನ ತರುತ್ತಾರಾ? ಸುಮ್ನೆ ಯಾರೋ ಒಬ್ಬರನ್ನು ಕೂರಿಸಿದ್ದರೂ ಸಾಕಿತ್ತು, ಅಲ್ವಾ?

ಎರಡು ರಾತ್ರಿಗಳ ಕತೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಪು ಕೊಡಿ.

ಡಿಸೆಂಬರ್ 26, ಡೆಟ್ರಾಯ್ಟ್‌ನಲ್ಲೇ ಆಟ. ಎದುರಿಗೆ ಬ್ರೂಕ್ಲಿನ್. ಅವತ್ತು ಸೋತರೆ 27, ಒಂದು ಸೀಸನ್‌ನ ಹೊಸ ದಾಖಲೆ. ತಂಡದ ಮುಖ್ಯ ಹುಡುಗ ಕೇಡ್ ಕನ್ನಿಂಗ್‌ಹ್ಯಾಮ್. ಆಗ ವಯಸ್ಸು 22. ಹಿಂದಿನ ವರ್ಷ ಮೊಣಕಾಲ ಕೆಳಗಿನ ಮೂಳೆಗೆ ಆಪರೇಷನ್ ಆಗಿ ಬರೀ 12 ಪಂದ್ಯ ಆಡಿದ್ದವನು. ಅವತ್ತು 41 ಪಾಯಿಂಟ್ ಹಾಕಿದ. ಅದರಲ್ಲಿ 37 ದ್ವಿತೀಯಾರ್ಧದಲ್ಲಿ ಬಂದವು. ಆದರೂ 118-112ರಲ್ಲಿ ಸೋತರು. ಆ ತಿಂಗಳ ಆಟಗಳಲ್ಲಿ ಜನ ಎದ್ದು ನಿಂತು "ಟೀಮ್ ಮಾರಿ, ಟೀಮ್ ಮಾರಿ" ಅಂತ ಮಾಲೀಕ ಟಾಮ್ ಗೋರ್ಸ್‌ಗೆ ಕೇಳುವ ಹಾಗೆ ಕೂಗುತ್ತಿದ್ದರು. ಟಿಕೆಟ್ ಕೊಂಡು ಒಳಗೆ ಬಂದು, ಇಡೀ ಆಟ ಕೂತು, ಆಮೇಲೆ ಬೈಯುವುದು. ಅದು ಬಿಟ್ಟುಹೋದವರ ಸಿಟ್ಟಲ್ಲ. ಮನೆಯವರ ಸಿಟ್ಟು.

ಎರಡು ದಿನ ಬಿಟ್ಟು ಬೋಸ್ಟನ್. ನಮ್ಮಲ್ಲಿ ಆಗ 29ರ ಬೆಳಿಗ್ಗೆ. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹಾಲು ಕಾಯಿಸುತ್ತಿದ್ದೆ. ಅರ್ಧ ಆಟ ಮುಗಿದಾಗ ಸ್ಕೋರು 66-47. ಮುಂದಿದ್ದವರು ಡೆಟ್ರಾಯ್ಟ್! ಬೋಸ್ಟನ್ ಆ ಸೀಸನ್‌ನಲ್ಲಿ ತನ್ನ ಊರಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ವರ್ಷದ ಕಪ್ಪನ್ನು ಗೆದ್ದವರೂ ಅವರೇ. ಅಂಥವರ ಮೇಲೆ 19 ಪಾಯಿಂಟ್ ಮುಂದೆ. ಇವತ್ತು ಮುಗೀತು ಶನಿ ಕಾಟ ಅಂದುಕೊಂಡೆ. ದ್ವಿತೀಯಾರ್ಧದಲ್ಲಿ ಬೋಸ್ಟನ್ ಸದ್ದಿಲ್ಲದೆ ಅಂತರ ಕರಗಿಸುತ್ತಾ ಬಂತು. ಆಟ ಓವರ್‌ಟೈಮ್‌ಗೆ ಹೋಯಿತು. ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು. 128-122, ಬೋಸ್ಟನ್ ಗೆಲುವು. ಇಪ್ಪತ್ತೆಂಟು.

ಇದು ಬೇಕಂತ ಸೋಲುವವರ ಆಟ ಅಲ್ಲ, ಮೇಷ್ಟ್ರೇ. ಗೆಲ್ಲುವುದು ಮರೆತುಹೋದವರ ಆಟ. ಈ ಎರಡಕ್ಕೂ ಇರುವ ವ್ಯತ್ಯಾಸ ಗ್ರೌಂಡಿನ ಪಕ್ಕ ಸೀಟಿ ಹಿಡಿದು ನಿಂತವರಿಗೆ ಗೊತ್ತಿರುತ್ತದೆ.

ನನಗೂ ಸ್ವಲ್ಪ ಗೊತ್ತು. ಪಿಯುಸಿ ಓದುವಾಗ ನಾನೂ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದೆ. ಆಟ ಬರುತ್ತಿತ್ತು ಅಂತಲ್ಲ, ಎತ್ತರ ಇದ್ದೆ ಅಂತ. ಸಿಮೆಂಟ್ ಕೋರ್ಟು, ಬಲೆ ಇಲ್ಲದ ರಿಂಗು. ಚೆಂಡು ಒಳಗೆ ಹೋಯಿತಾ, ಪಕ್ಕದಲ್ಲಿ ಹೋಯಿತಾ ಅಂತಲೇ ಅರ್ಧ ಜಗಳ. ಆ ವರ್ಷ ಆಡಿದ ಐದು ಪಂದ್ಯವನ್ನೂ ಸೋತೆವು. ಮೊದಲ ಎರಡರಲ್ಲಿ ಎದುರಿನವರು ನಮಗಿಂತ ಚೆನ್ನಾಗಿ ಆಡಿದರು, ಮಾತಿಲ್ಲ. ಮೂರನೆಯದರಿಂದ ಆಚೆಗೆ ನಮ್ಮನ್ನು ಸೋಲಿಸಿದ್ದು ನಾವೇ. ಕೊನೆ ಎರಡು ನಿಮಿಷ ಬಂತೆಂದರೆ ಚೆಂಡು ಕೈಗೆ ಬಂದದ್ದು ಕೆಂಡ ಬಂದ ಹಾಗೆ. ಸಿಕ್ಕಿದ್ದೇ ತಡ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದೆವು. ಅವನು ಇನ್ನೊಬ್ಬನಿಗೆ. ಹಾಕುವವರು ಯಾರೂ ಇಲ್ಲ. ಕಣ್ಣೆಲ್ಲ ಮೇಷ್ಟ್ರ ಕಡೆ.

ಡೆಟ್ರಾಯ್ಟ್ ಹುಡುಗರಿಗೂ ಅದೇ ಆಗುತ್ತಿತ್ತು ಅಂತ ನನ್ನ ಅನುಮಾನ. ಆದರೆ ಅದಕ್ಕೂ ಮುಂಚೆ ತಂಡ ಕಟ್ಟಿದ್ದರಲ್ಲೇ ಐಬು ಇತ್ತು. ಕನ್ನಿಂಗ್‌ಹ್ಯಾಮ್‌ಗೆ 22, ಜೇಡನ್ ಐವಿಗೆ 21, ಜೇಲನ್ ಡ್ಯೂರನ್ ಮತ್ತು ಆಸರ್ ಥಾಂಪ್ಸನ್‌ಗೆ 20. ಎಲ್ಲ ಚಿಗುರು ಮೀಸೆ. ದೂರದಿಂದ ಮೂರು ಪಾಯಿಂಟ್ ಹಾಕಬಲ್ಲವರು ಕಮ್ಮಿ. ಇದ್ದವರಲ್ಲಿ ಅನುಭವಿ ಬೊಗ್ದಾನೊವಿಚ್ ಗಾಯ ಆಗಿ ಮೊದಲ ಒಂದು ತಿಂಗಳಿಗೂ ಹೆಚ್ಚು ಕಾಲ ಹೊರಗೆ. ಇದರ ಪರಿಣಾಮ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇವರು ದೂರದಿಂದ ಹಾಕಲ್ಲ ಅಂತ ಗೊತ್ತಾದರೆ ಎದುರಿನವರು ಐದೂ ಜನ ಒಳಗೆ ಬಂದು ರಿಂಗಿನ ಕೆಳಗೆ ಗೋಡೆ ಕಟ್ಟುತ್ತಾರೆ. ಕನ್ನಿಂಗ್‌ಹ್ಯಾಮ್ ಚೆಂಡು ಬಡಿಯುತ್ತಾ ಒಳಗೆ ನುಗ್ಗಿದರೆ ಕಣ್ಣಿಗೆ ಕಾಣುವುದು ಬರೀ ಕೈಗಳು. ಹೊರಗೆ ಪಾಸ್ ಕೊಟ್ಟರೆ ಅಲ್ಲಿರುವವನು ಹಾಕಲ್ಲ. ಕೊಡದೇ ಇದ್ದರೆ ಚೆಂಡು ಕಿತ್ತುಕೊಂಡು ಹೋಗುತ್ತಾರೆ.

ಈಗ ನಿಮ್ಮ ಮಗನ ಮಾತು. ಅದು ಸುಳ್ಳಲ್ಲ, ಆದರೆ ಅರ್ಧ ನಿಜ.

ಎನ್‌ಬಿಎಯಲ್ಲಿ ಎಷ್ಟೇ ಸೋತರೂ ಕೆಳಗಿನ ದರ್ಜೆಗೆ ಇಳಿಸಲ್ಲ. ಬದಲಿಗೆ ಸೋತವರಿಗೆ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಮುಂದೆ ನಿಲ್ಲುವ ಅವಕಾಶ ಇರುತ್ತದೆ. ಫಿಲಡೆಲ್ಫಿಯಾ ಈ ದಾರಿ ಹಿಡಿದು ಹೋಯಿತು. 2013ರಲ್ಲಿ ಸ್ಯಾಮ್ ಹಿಂಕಿ ಎಂಬ ಮ್ಯಾನೇಜರ್ ಬಂದು ಒಳ್ಳೆ ಆಟಗಾರರನ್ನು ಒಬ್ಬೊಬ್ಬರಾಗಿ ಕೊಟ್ಟುಬಿಟ್ಟರು. ಮೂರು ಸೀಸನ್‌ನಲ್ಲಿ ಗೆಲುವು 19, 18, 10. 82 ಪಂದ್ಯಕ್ಕೆ ಹತ್ತು! ಅಂಗಳದಲ್ಲಿದ್ದ ಹುಡುಗರು ಜೀವ ಕೊಟ್ಟೇ ಆಡುತ್ತಿದ್ದರು. ಸೋಲುವ ಹಾಗೆ ತಂಡ ಕಟ್ಟಿದ್ದು ಮೇಲೆ ಆಫೀಸಿನಲ್ಲಿ ಕೂತವರು. ನಿಮ್ಮ ಸೀಟಿ ಊದಬೇಕಿದ್ದರೆ ಅಲ್ಲಿಗೆ ಊದಬೇಕು. ಅಷ್ಟೆಲ್ಲ ಸೋತು ಸಿಕ್ಕಿದ್ದೇನು? ಜೋಯೆಲ್ ಎಂಬೀಡ್‌ನಂಥ ದೊಡ್ಡ ಆಟಗಾರ ಸಿಕ್ಕಿದ, ನಿಜ. ಆದರೆ ಅಲ್ಲಿಂದ 2025ರವರೆಗೆ ನೋಡಿದರೆ ಆ ತಂಡ ಒಮ್ಮೆಯೂ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್ ಹಂತ, ಮುಟ್ಟಿಲ್ಲ.

ಆಮೇಲೆ ಎನ್‌ಬಿಎಯವರೂ ಎಚ್ಚೆತ್ತುಕೊಂಡರು. ಈ ಸರದಿ ನೇರವಾಗಿ ಸಿಗುವಂಥದ್ದಲ್ಲ, ಲಾಟರಿ ಎತ್ತುತ್ತಾರೆ. 14 ಚೆಂಡು, ಒಂದರಿಂದ 14ರವರೆಗೆ ನಂಬರು, ನಮ್ಮ ಹೌಸಿ ಆಟದ ಥರ. ನಾಲ್ಕು ಚೆಂಡು ತೆಗೆದರೆ 1001 ಜೋಡಣೆ ಸಾಧ್ಯ. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚುತ್ತಾರೆ. ಮೊದಲು ಕಟ್ಟಕಡೆಯ ತಂಡಕ್ಕೆ 250 ಸಿಗುತ್ತಿತ್ತು. 2019ರಿಂದ ಅದನ್ನು 140ಕ್ಕೆ ಇಳಿಸಿ, ಕೊನೆಯ ಮೂರೂ ತಂಡಗಳಿಗೆ ಸಮ ಮಾಡಿದರು. ಲಾಟರಿಯಲ್ಲಿ ಎತ್ತುವುದು ಮೊದಲ ನಾಲ್ಕು ಸ್ಥಾನ ಮಾತ್ರ. ಅದರಲ್ಲಿ ಹೆಸರು ಬರದಿದ್ದರೆ ಕಟ್ಟಕಡೆಯ ತಂಡಕ್ಕೆ ಐದನೇ ಸ್ಥಾನ.

ಡೆಟ್ರಾಯ್ಟ್‌ನ ನಸೀಬು ನೋಡಿ. 2021ರಲ್ಲಿ ಲಾಟರಿ ಹೊಡೆಯಿತು, ಕನ್ನಿಂಗ್‌ಹ್ಯಾಮ್ ಸಿಕ್ಕಿದ. ಅದು ಒಪ್ಪಿಕೊಳ್ಳಬೇಕು. 2023ರಲ್ಲಿ 17 ಗೆದ್ದು 65 ಸೋತು ಲೀಗ್‌ನಲ್ಲೇ ಕಡೆಯವರಾದರು. ಆ ವರ್ಷ ಎಲ್ಲರ ಕಣ್ಣು ಫ್ರಾನ್ಸ್‌ನ ವೆಂಬನ್ಯಾಮ ಮೇಲೆ. ಅವನು ಸ್ಯಾನ್ ಆಂಟೋನಿಯೋ ಪಾಲಾದ, ಇವರಿಗೆ ಐದನೇ ಸರದಿ. ಮರುವರ್ಷ 14 ಗೆದ್ದು 68 ಸೋತರು. ತಂಡದ ಚರಿತ್ರೆಯಲ್ಲೇ ಅಷ್ಟು ಕೆಟ್ಟ ಸೀಸನ್ ಇಲ್ಲ. ಮತ್ತೆ ಐದನೆಯದೇ. ಮೊದಲನೆಯದು ಯಾರಿಗೆ ಹೋಯಿತು ಅಂತೀರಾ? 36 ಪಂದ್ಯ ಗೆದ್ದಿದ್ದ ಅಟ್ಲಾಂಟಾಗೆ. ಸೋತರೆ ಲಾಭ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನಿಮ್ಮ ಮಗನಿಗೂ ಓದಿ ಹೇಳಿ.

ಹಾಗಾದರೆ ತಂಡ ಎದ್ದದ್ದು ಹೇಗೆ? ಇದನ್ನು ನಮ್ಮ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೆವು, ನಿಮಗೆ ಅಕ್ಕರೆ ಜಾಸ್ತಿ ಆಯಿತು ಅನ್ನಿಸಿದ್ದು ಅದಕ್ಕೇ ಇರಬಹುದು. 2024ರ ಬೇಸಿಗೆಯಲ್ಲಿ ಹೊಸ ಕೋಚ್ ಬಂದರು, ಜೆ.ಬಿ. ಬಿಕರ್‌ಸ್ಟಾಫ್. ಅವರನ್ನು ಕ್ಲೀವ್‌ಲ್ಯಾಂಡ್‌ನವರು ಆಗಷ್ಟೇ ಕೈಬಿಟ್ಟಿದ್ದರು. ಜೊತೆಗೆ ಟೊಬಯಾಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್. ಯಾರೂ ಮಹಾ ಸ್ಟಾರ್‌ಗಳಲ್ಲ. ಆದರೆ ಆಡಿ ಪಳಗಿದವರು, ದೂರದಿಂದ ಹಾಕಬಲ್ಲವರು. ಬೀಸ್ಲಿ ಒಬ್ಬನೇ ಆ ಸೀಸನ್‌ನಲ್ಲಿ 319 ತ್ರೀ ಪಾಯಿಂಟರ್ ಹಾಕಿದ. ಗೋಡೆ ಕಟ್ಟುತ್ತಿದ್ದವರು ಈಗ ಹೊರಗೆ ಓಡಿ ಬರಲೇಬೇಕಾಯಿತು. ಕನ್ನಿಂಗ್‌ಹ್ಯಾಮ್‌ಗೆ ದಾರಿ ಬಿಟ್ಟುಕೊಂಡಿತು. ಅವನು, ಡ್ಯೂರನ್, ಥಾಂಪ್ಸನ್, ಎಲ್ಲ ಅದೇ ಹಳೆ ಹುಡುಗರು, 28 ಸೋತವರು. ಐವಿಗಂತೂ 2025ರ ಹೊಸ ವರ್ಷದ ದಿನವೇ ಕಾಲು ಮುರಿಯಿತು. ಆದರೂ 44 ಗೆದ್ದರು. 82 ಪಂದ್ಯಗಳ ಸೀಸನ್‌ನಲ್ಲಿ 14 ಇದ್ದದ್ದು ಮರುವರ್ಷ 44. ಹಿಂದಿನ ವರ್ಷದ ಮೂರು ಪಟ್ಟು ಗೆಲುವು ದಾಟಿದವರು ಎನ್‌ಬಿಎಯಲ್ಲಿ ಇವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಎದುರಿನ ಸರಣಿಯನ್ನು 4-2ರಲ್ಲಿ ಸೋತರು. ಹೌದು, ಮತ್ತೆ ಸೋತರು. ಆದರೆ ಎರಡನೇ ಆಟವನ್ನು ನ್ಯೂಯಾರ್ಕ್‌ಗೇ ಹೋಗಿ 100-94ರಲ್ಲಿ ಗೆದ್ದಾಗ, 2008ರಿಂದ ಬೆಳೆಯುತ್ತಾ ಬಂದಿದ್ದ 15 ಪ್ಲೇಆಫ್ ಸೋಲುಗಳ ಸರಣಿ ಮುರಿಯಿತು. ಆರನೇ ಆಟ ಡೆಟ್ರಾಯ್ಟ್‌ನಲ್ಲಿ. ಕೊನೆಯ ಕೆಲವೇ ಸೆಕೆಂಡ್ ಇರುವಾಗ ನ್ಯೂಯಾರ್ಕ್‌ನ ಜೇಲನ್ ಬ್ರನ್ಸನ್ ಹಾಕಿದ ಮೂರು ಪಾಯಿಂಟ್‌ಗೆ ಎಲ್ಲ ಮುಗಿಯಿತು.

ನಿಮ್ಮ ಪತ್ರದ ಒಂದು ಸಾಲಿಗೆ ಮಾತ್ರ ನಾನು ಜಗಳಕ್ಕೇ ಬರುತ್ತೇನೆ. "ಸೋಲುವವರ ಆಟ ನೋಡಲು ಯಾರು ದುಡ್ಡು ಕೊಡುತ್ತಾರೆ" ಅಂತ ಕೆಂಪು ಗೆರೆ ಎಳೆದು ಬರೆದಿದ್ದೀರಿ. ಮೇಷ್ಟ್ರೇ, 2017ರಲ್ಲಿ ಆರ್‌ಸಿಬಿ ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್ ಆಗಿ, 14ರಲ್ಲಿ ಮೂರೇ ಪಂದ್ಯ ಗೆದ್ದು, ಪಟ್ಟಿಯ ತಳ ಸೇರಿತ್ತಲ್ಲ, ಮರುವರ್ಷ ಚಿನ್ನಸ್ವಾಮಿಯಲ್ಲಿ ಟಿಕೆಟ್‌ಗೆ ಕ್ಯೂ ನಿಂತವರು ಯಾರು? ನಾವೇ ತಾನೆ. 18 ವರ್ಷ ಕಾಯ್ದು 2025ರ ಜೂನ್ 3ರಂದು ಕಪ್ ಬಂದಾಗ ಕುಣಿದವರೂ ನಾವೇ. ಡೆಟ್ರಾಯ್ಟ್‌ನವರು ನಮ್ಮ ಹಾಗೆ ಕಪ್ಪನ್ನೇ ಕಾಣದೆ ಕಾಯ್ದವರಲ್ಲ ಬಿಡಿ. 1989, 1990, 2004, ಮೂರು ಸಲ ಗೆದ್ದ ಊರು ಅದು.

ಇನ್ನು ಮೊಮ್ಮಗನ ವಿಷಯ. ಅವನಿಗೆ ಬುದ್ಧಿ ಹೇಳಲು ಹೋಗಬೇಡಿ, ಕತೆ ಹೇಳಿ. ಆ ತಂಡ ಮೊದಲು ಇದ್ದದ್ದು ಡೆಟ್ರಾಯ್ಟ್‌ನಲ್ಲಲ್ಲ, ಇಂಡಿಯಾನಾದ ಫೋರ್ಟ್ ವೇಯ್ನ್ ಊರಿನಲ್ಲಿ. ಫ್ರೆಡ್ ಝೋಲ್ನರ್ ಅಂತ ಒಬ್ಬರು ಎಂಜಿನ್ನಿಗೆ ಹಾಕುವ ಪಿಸ್ಟನ್ ತಯಾರಿಸುವ ಫ್ಯಾಕ್ಟರಿ ಇಟ್ಟಿದ್ದರು. ಫ್ಯಾಕ್ಟರಿಯ ಹೆಸರಲ್ಲೇ ತಂಡ ಕಟ್ಟಿದರು. 1957ರಲ್ಲಿ ತಂಡವನ್ನು ಡೆಟ್ರಾಯ್ಟ್‌ಗೆ ತಂದಾಗ ಹೆಸರು ಬದಲಿಸಬೇಕಾಗಲೇ ಇಲ್ಲ. ಕಾರಿನ ಊರಿಗೆ ಪಿಸ್ಟನ್, ಇನ್ನೇನು ಬೇಕು? ಅವರಪ್ಪನೂ ಕಾರು ಕಂಪನಿಯಲ್ಲೇ ಇರುವುದರಿಂದ ಹುಡುಗನಿಗೆ ಇದು ಇಷ್ಟ ಆಗುತ್ತದೆ.

ಒಂದು ಕೆಲಸ ಮಾತ್ರ ಮಾಡಿ. ಮುಂದಿನ ಸಲ ವಿಡಿಯೋ ಕಾಲ್‌ನಲ್ಲಿ ಸಿಕ್ಕಾಗ ಹಿಂದೆ ತಿರುಗು ಅನ್ನಿ, ಅಂಗಿಯ ಬೆನ್ನ ಮೇಲೆ ಎಷ್ಟು ನಂಬರ್ ಇದೆ ನೋಡಿ. 2 ಇದ್ದರೆ ಅದು ಕನ್ನಿಂಗ್‌ಹ್ಯಾಮ್‌ದು. ಆ ಅಂಗಿಯನ್ನು 28 ಸೋಲಿಗೂ ಮುಂಚೆ ಕೊಂಡದ್ದಾ, ಆಮೇಲೆ ಕೊಂಡದ್ದಾ ಅಂತ ಕೇಳಿ ನಮಗೊಂದು ಕಾರ್ಡು ಬರೆಯಿರಿ.