ರಿಕವರಿ ಸಾಫ್ಟ್‌ವೇರ್ ಹುಡುಕೋದು ಬಿಡಿ, ಮೊದಲು ಆ ಕಂಪ್ಯೂಟರ್ ಆಫ್ ಮಾಡಿ

ನಿಮ್ಮ ಅಪ್ಪನ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಅದರಲ್ಲಿ ಮೇಲ್ ನೋಡುವ ಪ್ರೋಗ್ರಾಂ ಔಟ್‌ಲುಕ್ ಎಕ್ಸ್‌ಪ್ರೆಸ್, ತೆರೆದರೆ ಎಲ್ಲ ಫೋಲ್ಡರ್ ಖಾಲಿ. ದುಡ್ಡು ಹೋದರೂ ಪರವಾಗಿಲ್ಲ, ಒಳ್ಳೇ ರಿಕವರಿ ಸಾಫ್ಟ್‌ವೇರ್ ಯಾವುದು ಹೇಳಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಆ ಕಂಪ್ಯೂಟರ್‌ಗೆ ಈಗ ಏನನ್ನೂ ಹಾಕಬೇಡಿ. ಅದು ಆನ್ ಇದ್ದರೆ ಆಫ್ ಮಾಡಿ ಬನ್ನಿ, ಆಮೇಲೆ ಮುಂದಕ್ಕೆ ಓದಿ.

ಯಾಕೆ ಅಂತ ನಮ್ಮ ಮನೆಯ ಕಥೆಯಲ್ಲೇ ಹೇಳ್ತೀನಿ. ನಮ್ಮದು ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಒಂದು ಹಳ್ಳಿ. ಪುಷ್ಪಗಿರಿ ಬೆಟ್ಟ ಕಾಣುವ ಜಾಗ, ಮಳೆಗಾಲದಲ್ಲಿ ಎದುರುಮನೆಯೂ ಕಾಣದ ಜಾಗ. ಅಪ್ಪ ಸಹಕಾರ ಸಂಘದಲ್ಲಿದ್ದು ನಿವೃತ್ತರಾದವರು, ಜೊತೆಗೆ ಕಾಫಿ ತೋಟ. ಅಂಗಳದಲ್ಲಿ ಒಂದು ಮಳೆ ಮಾಪಕ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅಳತೆ ನೋಡಿ ಬರೆಯಬೇಕು. ನಮ್ಮ ಕಡೆ ತೋಟದವರು ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳೋದು. ನೂರು ಸೆಂಟಿಗೆ ಒಂದು ಇಂಚು. ಯಾರಾದರೂ ಮಿಲಿಮೀಟರ್ ಅಂದರೆ ಅಪ್ಪ ಆ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ.

ಚಿಕ್ಕಪ್ಪ ಮಸ್ಕತ್‌ನಲ್ಲಿದ್ದರು. ತೋಟದಲ್ಲಿ ಅವರದೂ ಪಾಲು ಇತ್ತು. ಅಪ್ಪ ವಾರಕ್ಕೊಂದು ಈಮೇಲ್ ಅವರಿಗೆ ಹಾಕುತ್ತಿದ್ದರು. ಯಾವ ದಿನ ಎಷ್ಟು ಮಳೆ, ಕಾಫಿ ಹೂ ಬಿಡಿಸುವ ಹೂಮಳೆ ಸರಿಯಾಗಿ ಬಿತ್ತಾ, ಅದರ ನಂತರದ ಬ್ಯಾಕಿಂಗ್ ಮಳೆ ಬಂತಾ, ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆದಾಯ್ತಾ, ಊರಲ್ಲಿ ಯಾರ ಮದುವೆ, ಯಾರ ಜಗಳ. ಮಳೆ ಬರೆದಿಡುವ ಪುಸ್ತಕಗಳು ಬೇರೆ ಇದ್ದವು. ಅವನ್ನು ಅಟ್ಟದ ಮೇಲೆ ಗೆದ್ದಲು ತಿಂದು ಹಾಕಿತು. ಹಾಗಾಗಿ ಉಳಿದ ಲೆಕ್ಕವೆಲ್ಲ ಆ ಈಮೇಲ್‌ಗಳಲ್ಲೇ.

ಇಲ್ಲೊಂದು ವಿಷಯ ಗಮನಿಸಿ, ನಿಮ್ಮ ಅಪ್ಪನದೂ ಹೀಗೇ ಇರಬಹುದು. ಆಗ ಹೆಚ್ಚಿನವರದು ಪಾಪ್3 ಅನ್ನೋ ಮೇಲ್ ಸೆಟ್ಟಿಂಗ್. ಬಂದ ಮೇಲ್ ಕಂಪ್ಯೂಟರ್‌ಗೆ ಇಳಿದ ಕೂಡಲೇ ಸರ್ವರ್‌ನಿಂದ ಅಳಿಸಿ ಹೋಗುತ್ತಿತ್ತು, 'ಸರ್ವರ್‌ನಲ್ಲಿ ಒಂದು ಪ್ರತಿ ಬಿಡು' ಅಂತ ಟಿಕ್ ಹಾಕಿರದಿದ್ದರೆ. ಕಳಿಸಿದ ಮೇಲ್‌ಗಳ ಪ್ರತಿಯಂತೂ ನಮ್ಮ ಕಡೆ ಮನೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆಲ್ಲೂ ಉಳಿಯುತ್ತಿರಲಿಲ್ಲ. ಈಗಿನವರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ.

2010ರ ಮಳೆಗಾಲ. ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಒಂದು ಚಾಳಿ ಇತ್ತು. ನೂರು ಸಲ ಮುಚ್ಚಿದ ಮೇಲೆ, ಜಾಗ ಉಳಿಸೋಕೆ ಮೆಸೇಜ್‌ಗಳನ್ನು ಕಾಂಪ್ಯಾಕ್ಟ್ ಮಾಡಲಾ ಅಂತ ಕೇಳುವುದು. ಅಪ್ಪ ಓಕೆ ಒತ್ತಿದರು. ಅರ್ಧಕ್ಕೆ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಕೀಂಯ್ ಅನ್ನೋದು ಬಿಟ್ಟು ಬೇರೇನೂ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಮಾರನೇ ದಿನ ಕರೆಂಟ್ ಬಂದ ಮೇಲೆ ನೋಡಿದರೆ ಸೆಂಟ್ ಐಟಮ್ಸ್, ಅಂದರೆ ಕಳಿಸಿದ ಮೇಲ್‌ಗಳ ಫೋಲ್ಡರ್, ಖಾಲಿ. ವರ್ಷಗಟ್ಟಲೆ ಬರೆದದ್ದು ಒಂದೂ ಇಲ್ಲ.

ನಾನು ಆಗ ಬೆಂಗಳೂರಿನಿಂದ ರಜೆಗೆ ಬಂದಿದ್ದೆ. ಕಂಪ್ಯೂಟರ್ ಕೆಲಸದಲ್ಲಿರೋನು ಅಂತ ಮನೆಯಲ್ಲಿ ನನಗೆ ದೊಡ್ಡ ಮರ್ಯಾದೆ. "ನೀನು ಸುಮ್ನೆ ಕೂತ್ಕೊಳಪ್ಪ, ನಾನು ತೆಗೆದುಕೊಡ್ತೀನಿ" ಅಂದೆ. ನೀವು ಈಗ ಯೋಚಿಸುತ್ತಿರೋದನ್ನೇ ನಾನು ಯೋಚಿಸಿದ್ದು. ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿಕೊಳ್ಳೋಣ. ಸಿ ಡ್ರೈವ್ ಹತ್ತೇ ಜಿಬಿ, ಮೂಲೆಯಲ್ಲಿ ಜಾಗ ಇಲ್ಲ ಅಂತ ಬಲೂನು ಬಂತು. ಜಾಗ ಮಾಡೋಕೆ ರೀಸೈಕಲ್ ಬಿನ್ ತೆರೆದೆ. ಒಳಗೆ ಮೇಲ್ ಫೋಲ್ಡರ್‌ಗಳದ್ದೇ ಹೆಸರಿನ ಫೈಲ್‌ಗಳ ಸಾಲು. ಇನ್‌ಬಾಕ್ಸ್, ಸೆಂಟ್ ಐಟಮ್ಸ್, ಪ್ರತಿಯೊಂದರ ಹೆಸರಿನ ಬಾಲಕ್ಕೆ 'ಬ್ಯಾಕ್' (.bak) ಅಂತ. ಕಣ್ಣಾರೆ ನೋಡಿದೆ. ಏನೋ ಹಳೇ ಕಸ ಅಂದುಕೊಂಡೆ. ಇವನ್ನೆಲ್ಲ ಖಂಡಿತ ಅಳಿಸಲಾ ಅಂತ ವಿಂಡೋಸ್ ಕೇಳಿತು. ಎಸ್ ಒತ್ತಿದೆ. ಕಾಗದ ಹರಿದ ಸದ್ದು ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಎಕ್ಸ್‌ಪಿಯ ಸರ್ವೀಸ್ ಪ್ಯಾಕ್ 2 ಬಂದ ಮೇಲೆ ಔಟ್‌ಲುಕ್ ಎಕ್ಸ್‌ಪ್ರೆಸ್ ಕಾಂಪ್ಯಾಕ್ಟ್ ಮಾಡುವಾಗ ಹಳೇ ಫೈಲಿನ ಒಂದು ಪ್ರತಿಯನ್ನು 'ಬ್ಯಾಕ್' ಬಾಲದೊಂದಿಗೆ ರೀಸೈಕಲ್ ಬಿನ್‌ಗೆ ಹಾಕಿಡುತ್ತಿತ್ತು. ಇಂಥ ಎಡವಟ್ಟು ಆಗುತ್ತೆ ಅಂತಲೇ ಮಾಡಿದ ಏರ್ಪಾಡು ಅದು. ನಾನು ಮಾಡಬೇಕಿದ್ದದ್ದು ಇಷ್ಟೇ: ಆ ಫೈಲನ್ನು ಬಿನ್‌ನಿಂದ ಹೊರಗೆ ತೆಗೆದು, ಬಾಲವನ್ನು 'ಡಿಬಿಎಕ್ಸ್' (.dbx, ಔಟ್‌ಲುಕ್ ಎಕ್ಸ್‌ಪ್ರೆಸ್ ಮೇಲ್ ಇಡುವ ಫೈಲಿನ ಬಾಲ) ಅಂತ ಬದಲಿಸಿ, ಮೇಲ್ ಫೋಲ್ಡರ್ ಇರುವ ಜಾಗಕ್ಕೆ ವಾಪಸ್ ಇಡೋದು. ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ. ಕಳೆದುಹೋದದ್ದು ಕಸದ ಬುಟ್ಟಿಯಲ್ಲಿ ಭದ್ರವಾಗಿತ್ತು. ಅದನ್ನು ಹುಡುಕಿಕೊಡುವ ಸಾಫ್ಟ್‌ವೇರ್‌ಗೆ ಜಾಗ ಮಾಡೋಕೆ ನಾನು ಅದನ್ನೇ ಎಸೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಉಳಿಯುತ್ತಿತ್ತು. ಬಿನ್ ಖಾಲಿ ಮಾಡಿದ ಮಾತ್ರಕ್ಕೆ ಡಿಸ್ಕ್‌ನಿಂದ ಏನೂ ಅಳಿಯುವುದಿಲ್ಲ. ಈ ಜಾಗ ಇನ್ನು ಯಾರಿಗಾದರೂ ಕೊಡಬಹುದು ಅಂತ ವಿಂಡೋಸ್ ಗುರುತು ಹಾಕಿಕೊಳ್ಳುತ್ತೆ, ಅಷ್ಟೇ. ತೋಟದ ಬೇಲಿ ಕಿತ್ತ ಹಾಗೆ; ಗಿಡ ಇನ್ನೂ ಅಲ್ಲೇ ಇದೆ, ಆದರೆ ಮೊದಲು ಬಂದವನು ಒತ್ತುವರಿ ಮಾಡಬಹುದು. ನಮ್ಮಲ್ಲಿ ಮೊದಲು ಬಂದವನು ಯಾರು? ನಾನೇ ಇಳಿಸಿದ ರಿಕವರಿ ಸಾಫ್ಟ್‌ವೇರ್. ಅದನ್ನು ಸಿ ಡ್ರೈವ್‌ಗೇ ಇನ್‌ಸ್ಟಾಲ್ ಮಾಡಿದೆ. ಅದು ಹುಡುಕಿ ತೆಗೆದ ಫೈಲ್‌ಗಳನ್ನೂ ಸಿ ಡ್ರೈವ್‌ಗೇ ಸೇವ್ ಮಾಡಿದೆ. ಒಂದು ತುಂಡು ತೆಗೆದು, ಇನ್ನೊಂದು ತುಂಡಿನ ಮೇಲೆ ಇಟ್ಟೆ. ಇದರ ಮಧ್ಯೆ, ಏನು ಮಾಡೋದು ಅಂತ ಅದೇ ಕಂಪ್ಯೂಟರ್‌ನಲ್ಲಿ ಗಂಟೆಗಟ್ಟಲೆ ಹುಡುಕುತ್ತಾ ಕೂತೆ. ಬ್ರೌಸರ್ ಪ್ರತಿ ಪೇಜಿಗೂ ಅದೇ ಡಿಸ್ಕ್‌ಗೆ ಒಂದಿಷ್ಟು ಬರೆಯುತ್ತೆ ಅಂತ ಆಗ ಹೊಳೆಯಲೇ ಇಲ್ಲ.

ಕುಶಾಲನಗರದ ಒಂದು ಕಂಪ್ಯೂಟರ್ ಅಂಗಡಿಗೂ ಒಯ್ದೆ. ಅಲ್ಲಿನ ಹುಡುಗ ಸಿಕ್ಕಿದ ಒಂದೆರಡು ಮೇಲ್ ತೆರೆದು ನೋಡಿ, "ಎಲ್ಲ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೆದು ಕೊಡ್ಲಾ" ಅಂದ. ಕರಪ್ಟ್ ಆಗಿರಲಿಲ್ಲ. ಅಪ್ಪ ಸಂಘದಲ್ಲಿ ಕಲಿತದ್ದು ನುಡಿ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಆಗಿನ ನುಡಿಯ ಅಕ್ಷರ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕಿ ಬಂದ ಹಾಗೆ ಕಾಣುತ್ತೆ, ನಡುನಡುವೆ ಪೌಂಡ್ ಚಿಹ್ನೆ. ಆ ಪೌಂಡ್ ಬೇರೇನಲ್ಲ, ನಮ್ಮ 'ನ' ಅಕ್ಷರ. ನಿಮಗೂ ಹೀಗೆ ಕಂಡರೆ ಗಾಬರಿಯಾಗಿ ಡಿಲೀಟ್ ಮಾಡಬೇಡಿ. ನುಡಿ, ಬರಹ ಎರಡರಲ್ಲೂ ಇದನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಇದೆ. ಇದೇ ಕಾರಣಕ್ಕೆ, ಡಿಸ್ಕ್‌ನಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಯಾರಿಗೆ ಕಳಿಸಿದ್ದೋ ಅವರ ಈಮೇಲ್ ವಿಳಾಸ ಕೊಟ್ಟು ಹುಡುಕಬೇಕು.

ಫಾರ್ಮ್ಯಾಟ್ ಬೇಡ ಅಂದು ಡಿಸ್ಕ್ ಬಿಚ್ಚಿಸಿಕೊಂಡು ಬಂದೆ. ಅಪ್ಪ ಏನೂ ಬೈಯಲಿಲ್ಲ. "ಮಳೆ ಬಂದು ಹೋಗಿ ಆಯ್ತಲ್ಲ, ಬಿಡು" ಅಂದರು. ಡಿಸ್ಕ್ ಬೀರು ಸೇರಿತು.

ಮತ್ತೆ ಹೊರಗೆ ಬಂದದ್ದು 2018ರಲ್ಲಿ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ನಿಮಗೂ ನೆನಪಿರಬೇಕು. ಆಮೇಲೆ ಕೊಡಗಿನಲ್ಲಿ ಎಲ್ಲಿ ಕೂತರೂ ಅದೇ ವಾದ. ಹಿಂದೆಯೂ ಇಷ್ಟು ಮಳೆ ಬರ್ತಿತ್ತು ಅಂತ ಒಬ್ಬರು, ಇಲ್ಲವೇ ಇಲ್ಲ ಅಂತ ಇನ್ನೊಬ್ಬರು. ಅಪ್ಪನ ಹತ್ತಿರ ಲೆಕ್ಕ ಕೇಳೋಕೆ ಜನ ಬಂದರು. ಅಪ್ಪ ನನ್ನ ಮುಖ ನೋಡಿದರು.

ಈ ಸಲ ಮಾಡಬೇಕಾದ ಹಾಗೆ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಐಡಿಇ ಅನ್ನೋ ಹಳೇ ಮಾದರಿಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಕೊಂಡೆ. ಡಿಸ್ಕ್‌ನ ಪೂರ್ತಿ ನಕಲು ತೆಗೆದೆ, ಡಿಡಿರೆಸ್ಕ್ಯೂ ಅಂತ ಲಿನಕ್ಸ್ ಪ್ರೋಗ್ರಾಂ ಇದೆ. ಕೆಲಸವೆಲ್ಲ ಆ ನಕಲಿನ ಮೇಲೆ. ಅಳಿಸಿಹೋದ ಫೈಲ್ ಹುಡುಕುವ ಫೋಟೋರೆಕ್ ಓಡಿಸಿದೆ. ಹೆಸರು ನೋಡಿ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ, ಡಿಬಿಎಕ್ಸ್ ಫೈಲ್‌ಗಳನ್ನೂ ಅದು ಗುರುತಿಸುತ್ತೆ. ಚೂರುಚೂರು ಸಿಕ್ಕಿದವು. ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಮೆಸೇಜನ್ನೂ 512 ಬೈಟಿನ ತುಂಡು ಮಾಡಿ ಇಡುತ್ತೆ, ಅದಕ್ಕೇ ಚೂರುಗಳು ಹೀಗೆ ಅಲ್ಲಲ್ಲಿ ಉಳಿದಿರುತ್ತವೆ. ಒಂದರಲ್ಲಿ ಅಪ್ಪ ಬರೆದಿದ್ದರು: "ಮಂಗಳವಾರ 4.15. ಬುಧವಾರ 6.80. ಗುರುವಾರ ಮಾಪಕ ತುಂಬಿ ಚೆಲ್ಲಿದೆ, ಲೆಕ್ಕ ಇಲ್ಲ. ಏಲಕ್ಕಿ" ಅಲ್ಲಿಗೆ ಕಟ್. ಅದರ ಬೆನ್ನಿಗೇ ಇಂಗ್ಲಿಷ್‌ನಲ್ಲಿ ಲೈಸೆನ್ಸ್ ಒಪ್ಪಂದ. 2010ರಲ್ಲಿ ನಾನು ಹಾಕಿದ ಅದೇ ರಿಕವರಿ ಸಾಫ್ಟ್‌ವೇರಿನದ್ದು. ಅಪ್ಪನ ಏಲಕ್ಕಿಯ ಮೇಲೆ ಅದು ಹೋಗಿ ಕೂತಿತ್ತು. ಯಾವ ಸಾಫ್ಟ್‌ವೇರ್ ಹಾಕಲಿ ಅಂತ ಯಾರಾದರೂ ಕೇಳಿದರೆ ನನಗೆ ಮೈ ಉರಿಯೋದು ಇದಕ್ಕೇ.

ಜಾಸ್ತಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಚಿಕ್ಕಪ್ಪನ ಜಿಮೇಲ್‌ನಲ್ಲಿ. ಜಿಮೇಲ್ 2007ರಲ್ಲಿ ಎಲ್ಲರಿಗೂ ತೆರೆದುಕೊಂಡಿತು, ಚಿಕ್ಕಪ್ಪ ಆ ವರ್ಷವೇ ಅದಕ್ಕೆ ಬಂದಿದ್ದರು. ಅಲ್ಲಿಂದ ಮುಂದೆ ಅಣ್ಣ ಕಳಿಸಿದ್ದನ್ನು ಒಂದೂ ಅಳಿಸಿರಲಿಲ್ಲ. "ಕೇಳಿದ್ದರೆ ಆವತ್ತೇ ಕೊಡ್ತಿದ್ದೆನಲ್ಲೋ" ಅಂದರು. ಯಾರೂ ಕೇಳಿರಲಿಲ್ಲ. ಅದಕ್ಕೂ ಹಿಂದಿನದು ಅವರ ಆಫೀಸಿನ ಮೇಲ್, ಕೆಲಸ ಬಿಟ್ಟಾಗ ಅದೂ ಹೋಯಿತು. ಹಾಗಾಗಿ 2007ರ ಹಿಂದಿನ ಮಳೆ ನಮ್ಮಲ್ಲಿ ಚೂರುಗಳಲ್ಲೇ ಇದೆ.

ಈಗ ನಿಮ್ಮ ಕಥೆಗೆ ಬರೋಣ. ನಿಮ್ಮದು ಕಳೆದೇ ಹೋಗಿದೆ ಅಂತ ನನಗೆ ಅನ್ನಿಸುತ್ತಿಲ್ಲ. ಎಲ್ಲ ಫೋಲ್ಡರೂ ಒಟ್ಟಿಗೆ ಖಾಲಿ ಅಂದಿರಲ್ಲ, ಸಾಮಾನ್ಯವಾಗಿ ಅದರ ಅರ್ಥ ಬೇರೆ. ಯಾರೋ ವಿಂಡೋಸ್ ಮತ್ತೆ ಹಾಕಿದ್ದಾರೆ, ಅಥವಾ ವಿಂಡೋಸ್‌ನಲ್ಲಿ ಹೊಸ ಯೂಸರ್, ಇಲ್ಲವೇ ಔಟ್‌ಲುಕ್ ಎಕ್ಸ್‌ಪ್ರೆಸ್ ಒಳಗೆ ಹೊಸ ಐಡೆಂಟಿಟಿ (ಬೇರೊಬ್ಬರ ಹೆಸರಿನ ಖಾನೆ) ಆಗಿದೆ. ಪ್ರೋಗ್ರಾಂ ಹೊಸ ಖಾಲಿ ಫೋಲ್ಡರ್ ತೋರಿಸುತ್ತಿದೆ, ಹಳೆಯದು ಪಕ್ಕದಲ್ಲೇ ಇದೆ. ಡಿಸ್ಕನ್ನು ಹೊರಗೆ ತೆಗೆದು ಬೇರೆ ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಜೋಡಿಸಿ. ಹಿಡನ್ ಫೈಲ್ ತೋರಿಸು ಅಂತ ಸೆಟ್ ಮಾಡಿ. ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗೆ ಅಪ್ಪನ ಯೂಸರ್ ಹೆಸರು, ಅದರೊಳಗೆ ಲೋಕಲ್ ಸೆಟ್ಟಿಂಗ್ಸ್, ಅಪ್ಲಿಕೇಶನ್ ಡೇಟಾ, ಐಡೆಂಟಿಟೀಸ್. ಅಲ್ಲಿ ಬ್ರಾಕೆಟ್‌ನೊಳಗೆ ಉದ್ದದ ನಂಬರ್ ಇರುವ ಫೋಲ್ಡರ್ ಇರುತ್ತೆ. ಎರಡು ಇದ್ದರೆ ನಿಮ್ಮ ಅದೃಷ್ಟ. ಒಂದೊಂದರೊಳಗೂ ಮೈಕ್ರೋಸಾಫ್ಟ್, ಔಟ್‌ಲುಕ್ ಎಕ್ಸ್‌ಪ್ರೆಸ್ ಅಂತ ಹೋಗಿ ಡಿಬಿಎಕ್ಸ್ ಫೈಲ್‌ಗಳ ಸೈಜ್ ನೋಡಿ. ಕೆಲವೇ ಕೆಬಿ ಇದ್ದರೆ ಖಾಲಿ. ಎಂಬಿಗಳಲ್ಲಿ ಇದ್ದರೆ ಮೇಲ್ ಒಳಗೇ ಇದೆ, ಪ್ರೋಗ್ರಾಂಗೆ ಓದೋಕೆ ಬರ್ತಿಲ್ಲ ಅಷ್ಟೇ. ಸೈಜ್ 2 ಜಿಬಿ ಹತ್ತಿರ ಇದ್ದರೆ ರೋಗವೂ ಅದೇ, ಅದಕ್ಕಿಂತ ದೊಡ್ಡ ಫೈಲ್ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಆಗಿಬರುವುದಿಲ್ಲ. ರೀಸೈಕಲ್ ಬಿನ್ ನೋಡೋದು ಮರೆಯಬೇಡಿ. ಹೊರಗೆ ಜೋಡಿಸಿದಾಗ ಅದು 'ರೀಸೈಕ್ಲರ್' ಅನ್ನೋ ಹಿಡನ್ ಫೋಲ್ಡರ್. ಅಲ್ಲಿ ಫೈಲ್‌ಗಳ ಹೆಸರು ಬದಲಾಗಿರುತ್ತೆ, ಬಾಲ ಮಾತ್ರ ಹಾಗೇ ಇರುತ್ತೆ. 'ಬ್ಯಾಕ್' ಅಂತ ಇರೋದನ್ನೆಲ್ಲ ನಕಲು ಮಾಡಿಕೊಳ್ಳಿ.

ಫೈಲ್ ಕೈಗೆ ಸಿಕ್ಕಿದ ಮೇಲೆ ಅನ್‌ಡಿಬಿಎಕ್ಸ್ ಅಂತ ಉಚಿತ ಪ್ರೋಗ್ರಾಂ ಇದೆ, ಹಾಳಾದ ಫೈಲ್‌ಗೆ ಅದರಲ್ಲೇ ರಿಕವರ್ ಆಯ್ಕೆ ಇದೆ. ಒಂದೊಂದು ಮೇಲನ್ನೂ ಇಎಂಎಲ್ ಫೈಲ್ ಮಾಡಿ ಕೊಡುತ್ತೆ. ಅವನ್ನು ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಆಡ್‌ಆನ್ ಹಾಕಿ ಸೇರಿಸಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ದುಡ್ಡು ಇದ್ದರೆ ಅಡಾಪ್ಟರ್‌ಗೆ ಹಾಕಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮುಟ್ಟಬೇಡಿ, ಆಗ ಡೇಟಾ ರಿಕವರಿಯನ್ನೇ ಕೆಲಸ ಮಾಡಿಕೊಂಡವರ ಹತ್ತಿರ ಹೋಗಿ. ಅಂಗಡಿಗೆ ಕೊಡಲಾ ಅಂತಲೂ ಕೇಳಿದ್ದಿರಿ. ಪ್ರಿಂಟರ್ ರಿಪೇರಿಗೆ ಕೊಡಿ, ಇದಕ್ಕೆ ಬೇಡ.

ಇವತ್ತೇ ಮಾಡಬಹುದಾದ ಇನ್ನೊಂದು ಕೆಲಸ ಇದೆ. ನಿಮ್ಮ ಅಪ್ಪ ಯಾರಿಗೆ ಜಾಸ್ತಿ ಬರೆಯುತ್ತಿದ್ದರು ಅಂತ ಕೇಳಿ, ಅವರಿಗೊಂದು ಫೋನ್ ಹಾಕಿ. ಡಿಸ್ಕ್ ಬಿಚ್ಚಿ ನೋಡಿದ ಮೇಲೆ ಡಿಬಿಎಕ್ಸ್ ಫೈಲ್‌ಗಳ ಸೈಜ್ ಎಷ್ಟೆಷ್ಟಿದೆ ಅಂತ ಇಲ್ಲಿ ಬರೆಯಿರಿ, ಮುಂದಿನದು ಹೇಳ್ತೀನಿ.